ತಾನಾಗೇ ಕಟ್ ಆಗೋ ಸಂಸಾರ

ನಮ್ಮ ಅಕ್ಕನದು ಕತ್ತರಿ ಕುಟುಂಬ. ಅಕ್ಕ ಬಟ್ಟೆ ಕಟ್ ಮಾಡ್ತಾಳೆ, ಭಾವ ಬೀಗದ ಕೀ ಕಟ್ ಮಾಡ್ತಾರೆ. ಇವರಿಬ್ಬರ ಜೊತೆ ಬ್ಯಾಂಕೂ ಸೇರ್ಕೊಂಡು ದುಡ್ಡು ಕಟ್ ಮಾಡೋಕೆ ಶುರು ಮಾಡಿದ ಮೇಲೆ ಆದ ಕಥೆ ಇದು.

ಮೊದಲು ಎಲ್ಲಾ ಬಿಲ್ಲುಗಳನ್ನೂ ಭಾವ ತಾವೇ ಹೋಗಿ ಕಟ್ತಿದ್ರು. ಒಂದ್ಸಲ ಕರೆಂಟ್ ಬಿಲ್ ಮರೆತರು. ಸರಿಯಾಗಿ ಅಕ್ಕ ಯಾರದೋ ಕೋಟು ಹೊಲೀತಿದ್ದಾಗ ಮನೆ ಪೂರ್ತಿ ಕತ್ತಲಾಯ್ತು. ಕೈಯಲ್ಲೇ ಮುಗಿಸ್ತೀನಿ ಅಂತ ಹಠ ಹಿಡಿದ ಅಕ್ಕ, ಮೇಣದಬತ್ತಿ ಬೆಳಕಲ್ಲಿ ಕಾಲರ್ ತಗೊಂಡು ಹೋಗಿ ತೋಳಿಗೆ ಹಚ್ಚಿಟ್ಟಳು. ಕೋಟಿನವರು ಅದನ್ನ ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಏನಂದ್ರು ಅನ್ನೋದನ್ನ ಅಕ್ಕ ನನಗಿನ್ನೂ ಹೇಳಿಲ್ಲ. ಭಾವನಿಗೆ ಏನಂದಳು ಅನ್ನೋದು ಮಾತ್ರ ಇಡೀ ಬೀದಿಗೆ ಕೇಳಿಸ್ತು.

ಮಾರನೇ ದಿನವೇ ಭಾವ ಎಲ್ಲದಕ್ಕೂ ಆಟೋ ಪೇಮೆಂಟ್ ಹಾಕಿಸಿಬಿಟ್ರು. ಕರೆಂಟು, ನೀರು, ಫೋನು, ಅಂಗಡಿ ಬಾಡಿಗೆ, ವಿಮೆ, ಎಲ್ಲಾ ತಾರೀಖು ಬಂದ ತಕ್ಷಣ ಖಾತೆಯಿಂದ ತಾನಾಗೇ ಹೋಗ್ಬೇಕು.

"ನಾನು ಇನ್ಮೇಲೆ ಕಟ್ಟೋದಿಲ್ಲ" ಅಂತ ಮಹಡಿ ಮೆಟ್ಟಿಲ ಹತ್ರ ನಿಂತು ಘೋಷಣೆ ಮಾಡಿದ್ರು. "ತಾನಾಗೇ ಕಟ್ ಆಗುತ್ತೆ."

ಮೇಲ್ಮನೆ ಮೇಷ್ಟ್ರು ಆಗ ಕೊಡೆ ಹಿಡ್ಕೊಂಡು ಇಳೀತಿದ್ರು. ರಿಟೈರಾದ ಮೇಲೆ ಅವರಿಗಿರೋ ಒಂದೇ ಗೀಳು ಕ್ಯೂ. ನೀರಿನ ಬಿಲ್ಲಿಗೆ ಒಂದು ದಿನ, ಕರೆಂಟಿಗೆ ಇನ್ನೊಂದು ದಿನ ಅಂತ ಹಂಚ್ಕೊಂಡು ವಾರ ಪೂರ್ತಿ ಎಲ್ಲಾದ್ರೂ ಒಂದು ಸಾಲಲ್ಲಿ ನಿಂತಿರ್ತಾರೆ.

"ನಿಮ್ಮ ದುಡ್ಡು ನಿಮ್ಮನ್ನ ಕೇಳದೆ ಹೊರಗೆ ಹೋಗುತ್ತೆ ಅನ್ನಿ" ಅಂದ್ರು ಮೇಷ್ಟ್ರು.

"ಕೇಳೋದೇನು ಬಂತು ಮೇಷ್ಟ್ರೇ, ಅದಕ್ಕೆ ದಾರಿ ಗೊತ್ತು."

"ದಾರಿ ಗೊತ್ತಿರೋ ದುಡ್ಡು ವಾಪಸ್ ಬರೋ ದಾರಿ ಮರೆತುಬಿಡುತ್ತಲ್ಲಾ" ಅಂತ ಮೇಷ್ಟ್ರು ಕ್ಯೂ ಕಡೆ ಹೊರಟರು.

ಭಾವನಿಗೆ ಕೆಟ್ಟದ್ದೇನೂ ಅನ್ನಿಸ್ಲಿಲ್ಲ. ಅವರ ಗುಣವೇ ಹಾಗೆ. ಸಿಟ್ಟು ಬರಬೇಕಾದ ಕಡೆ ಅವರಿಗೆ ಕುತೂಹಲ ಬರುತ್ತೆ. ಅವರ ಸೈಕಲ್ ಕಳುವಾದಾಗಲೂ ಕಳ್ಳನಿಗೆ ಬೈಲಿಲ್ಲ. "ಬೀಗ ಒಡೆದ್ನೋ ತೆಗೆದ್ನೋ?" ಅಂತ ತಿಳ್ಕೊಳ್ಳೋಕೆ ಒಂದು ವಾರ ಒದ್ದಾಡಿದ್ರು.

ಇನ್ನೊಂದು ವಿಷಯ ಹೇಳ್ಬೇಕು. ಕೀ ಅಂಗಡಿ ಇಟ್ಟವರಿಗೆ ದಿನಾ ಫೋನ್ ಬರುತ್ತೆ. "ಕೀ ಮೇಲೆ ನಂಬರ್ ಇದೆ, ಹೇಳ್ತೀನಿ, ಒಂದು ಡೂಪ್ಲಿಕೇಟ್ ಮಾಡಿಡಿ" ಅನ್ನೋರು ಕೆಲವರು. "ಫೋಟೋ ಕಳಿಸ್ತೀನಿ, ಓಪನ್ ಮಾಡೋಕೆ ಒಂದು ಕೀ ಕೊಡಿ" ಅನ್ನೋರು ಇನ್ನು ಕೆಲವರು. ಯಾರ ಮನೆ ಬೀಗವೋ, ಕೇಳ್ತಿರೋದು ಯಾರೋ. ಅದಕ್ಕೆ ಭಾವನದು ಒಂದೇ ಉತ್ತರ. "ಬೀಗ ತಗೊಂಡು ಅಂಗಡಿಗೆ ಬನ್ನಿ." ಮೂವತ್ತು ವರ್ಷದಿಂದ ಹೇಳಿ ಹೇಳಿ ಆ ಮಾತು ನಾಲಿಗೆಗೆ ಅಂಟ್ಕೊಂಡುಬಿಟ್ಟಿದೆ. ಒಮ್ಮೆ ಅಕ್ಕ ಉಪ್ಪಿನಕಾಯಿ ಡಬ್ಬ ಕೊಟ್ಟು "ಓಪನ್ ಮಾಡಿಕೊಡ್ರೀ" ಅಂದಿದ್ದಕ್ಕೂ ಪೇಪರಿಂದ ತಲೆ ಎತ್ತದೆ "ಬೀಗ ತಗೊಂಡು ಬನ್ನಿ" ಅಂದಿದ್ದರು.

ಅಕ್ಕ ಕಸೂತಿ ಹಾಕೋ ದೊಡ್ಡ ಮಿಷಿನ್‌ಗೋಸ್ಕರ ದುಡ್ಡು ಕೂಡಿಸ್ತಿದ್ದಳು. ಎಷ್ಟೋ ವರ್ಷ ಬೇರೆಯವರ ಬಟ್ಟೆಗೆ ಗುಂಡಿ ಹಚ್ಚಿ ಉಳಿಸಿದ ದುಡ್ಡು. ಮುಂದಿನ ವಾರ ಮಿಷಿನ್ ಅಂಗಡಿಗೆ ಕೊಡೋದು ಅಂತ ಮಾತಾಗಿತ್ತು. ಅದಿದ್ದದ್ದು ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದ ಒಂದೇ ಖಾತೆಯಲ್ಲಿ. ಎಲ್ಲಾ ಬಿಲ್ಲುಗಳೂ ತಾನಾಗೇ ಕಟ್ ಆಗ್ತಿದ್ದದ್ದೂ ಅದೇ ಖಾತೆಯಿಂದ.

ಹೀಗಿರೋವಾಗ ಒಂದು ಬೆಳಿಗ್ಗೆ ಭಾವನ ಫೋನಿಗೆ ಮೆಸೇಜ್ ಬಂತು. ಖಾತೆಯಿಂದ 'ಎನ್‌ಎಂಟಿ' ಅನ್ನೋರಿಗೆ ಆಟೋ ಪೇಮೆಂಟ್ ಆಗಿದೆ ಅಂತ. ನಾಲ್ಕು ಟೀಗೆ ಆಗೋಷ್ಟು ದುಡ್ಡು, ಜಾಸ್ತಿ ಏನಿಲ್ಲ. ಹಿಂದಕ್ಕೆ ಹೋಗಿ ಹುಡುಕಿದ್ರೆ, ಅದು ತಿಂಗಳು ತಿಂಗಳೂ ಸದ್ದಿಲ್ಲದೆ ಟೀ ಕುಡೀತಾ ಬಂದಿದೆ.

"ಯಾರಯ್ಯಾ ಇದು ಎನ್‌ಎಂಟಿ?" ಅಂತ ನನಗೆ ಫೋನ್ ಮಾಡಿದ್ರು. ದನಿಯಲ್ಲಿ ಕಳಕೊಂಡ ದುಃಖ ಇರ್ಲಿಲ್ಲ, ದೂರದ ನೆಂಟರು ಯಾರೋ ಸಿಕ್ಕ ಹಾಗಿತ್ತು.

"ಬ್ಯಾಂಕಿಗೆ ಹೋಗಿ ಕೇಳಿ ಭಾವ."

"ಕೇಳ್ತೀನಿ ಕೇಳ್ತೀನಿ. ಮೊದಲು ನಾವೇ ಸ್ವಲ್ಪ ಯೋಚನೆ ಮಾಡೋಣ."

ಭಾವ ಯೋಚನೆ ಮಾಡೋದು ಅಂದ್ರೆ ಬೀದಿಯವರನ್ನೆಲ್ಲಾ ಯೋಚನೆಗೆ ಹಚ್ಚೋದು. ಮೊದಲು ಮೇಷ್ಟ್ರು ಸಿಕ್ಕಿದ್ರು. ಒಂದು ಕ್ಷಣ ಕಣ್ಣು ಮುಚ್ಚಿ, "ನಮ್ಮ ಮನೆ ತಿನ್ನೋರು" ಅಂದ್ರು. "ಎನ್ನು, ಎಮ್ಮು, ಟೀ. ಸರಿಯಾಗಿ ಕೂರುತ್ತೆ ನೋಡಿ."

ಆಮೇಲೆ ಪಕ್ಕದ ಕ್ಷೌರದಂಗಡಿ. ಕ್ಷೌರದವರು ಗಿರಾಕಿ ಗಲ್ಲದ ಮೇಲೆ ಕತ್ತಿ ನಿಲ್ಲಿಸ್ಕೊಂಡೇ ಯೋಚಿಸಿದ್ರು. ಗಿರಾಕಿ ಉಸಿರಾಡೋದನ್ನ ನಿಲ್ಲಿಸಿ ಕಾದ.

"ನಿಮ್ಮ ಮಗನ ಟ್ಯೂಷನ್ ಇರ್ಬೇಕು."

"ನನಗಿರೋದು ಮಗಳು. ಅವಳೇ ಈಗ ನಾಲ್ಕು ಜನಕ್ಕೆ ಟ್ಯೂಷನ್ ಹೇಳ್ತಾಳೆ."

"ಹಾಗಾದ್ರೆ ವಿಷಯ ಇನ್ನೂ ಗಂಭೀರ" ಅಂತ ಕ್ಷೌರದವರು ದನಿ ತಗ್ಗಿಸಿದ್ರು. ಗಿರಾಕಿ ಅಷ್ಟಕ್ಕೇ ಅರ್ಧ ಗಡ್ಡದಲ್ಲೇ ಎದ್ದು ಕೂತ. ಇಂಥ ಮಾತು ಪೂರ್ತಿ ಕೇಳಿಸ್ಕೊಳ್ಳದೆ ಯಾರು ಹೋಗ್ತಾರೆ?

ಆ ಅರ್ಧ ಗಡ್ಡ ಸಂಜೆಯೊಳಗೆ ಊರೆಲ್ಲಾ ಸುತ್ತಿರ್ಬೇಕು. ಅಕ್ಕನ ಹತ್ರ ರವಿಕೆ ಅಳತೆ ಕೊಡೋಕೆ ಬಂದವರು ಅಳತೆ ಕೊಡೋದು ಬಿಟ್ಟು, "ಏನೇ ಆಗ್ಲಿ, ನೀವು ಧೈರ್ಯವಾಗಿರಿ" ಅಂತ ಅಕ್ಕನ ಭುಜ ಸವರಿ ಹೋದ್ರು. ಮೂರನೆಯವರು ಸವರೋ ಹೊತ್ತಿಗೆ ಅಕ್ಕನಿಗೆ ಅನುಮಾನ ಬಂದು ಕೇಳಿದಳು. ಕೇಳಿ ತಿಳ್ಕೊಂಡಳು. ಭಾವ ಒಳಗೆ ಬರೋದನ್ನ ಕಾದಳು.

"ರೀ, ನಿಮಗೊಬ್ಬ ಮಗ ಇದ್ದಾನಂತೆ?"

"ಯಾರು ಹೇಳಿದ್ರು?"

"ಲೆಕ್ಕದಲ್ಲಿ ದಡ್ಡನಂತೆ. ಟ್ಯೂಷನ್‌ಗೆ ಕಳಿಸ್ತಿದ್ದೀರಂತೆ."

"ಇವಳೇ, ನಾಲ್ಕು ಟೀ ದುಡ್ಡಿಗೆ ಯಾವ ಟ್ಯೂಷನ್ ಸಿಗುತ್ತೆ ಹೇಳು."

ಅಕ್ಕ ಯೋಚಿಸಿದಳು. ಅದು ನಿಜ ಅನ್ನಿಸ್ತು. "ಮತ್ತೆ ಯಾರ್ರೀ ಅದು?"

"ಅದೇ ಅಲ್ವಾ ಸ್ವಾರಸ್ಯ" ಅಂದ್ರು ಭಾವ, ಕಣ್ಣು ಮಿನುಗಿಸ್ತಾ.

"ನನ್ನ ಮಿಷಿನ್ ದುಡ್ಡು ಅದೇ ಖಾತೇಲಿದೆ. ಅದು ಸ್ವಾರಸ್ಯ ಅಲ್ಲ. ಇವತ್ತು ನಾಲ್ಕು ಟೀ ಕುಡಿದೋನು ನಾಳೆ ಊಟಕ್ಕೆ ಕೂತ್ರೆ? ನಾಳೆ ಮಧ್ಯಾಹ್ನದೊಳಗೆ ಅವನು ಯಾರು ಅಂತ ಗೊತ್ತಾಗ್ಬೇಕು, ಗೊತ್ತಾಗಿ ನಿಲ್ಬೇಕು."

ಭಾವ ಮಾರನೇ ದಿನ ಅಂಗಡಿ ತೆಗೆದವರೇ ಫೋನಲ್ಲಿ ಹುಡುಕಿದ್ರು. 'ಆಟೋ ಪೇಮೆಂಟ್ ನಿಲ್ಲಿಸೋದು ಹೇಗೆ' ಅಂತ. ತಕ್ಷಣ ಒಂದು ಸಹಾಯವಾಣಿ ನಂಬರ್ ಬಂತು. ಬ್ಯಾಂಕಿನ ಹೆಸರಿತ್ತು, ಬ್ಯಾಂಕಿನ ಚಿತ್ರ ಇತ್ತು, ನಗ್ತಿರೋ ಹುಡುಗಿ ಚಿತ್ರವೂ ಇತ್ತು. ನಿಜವಾದ ಬ್ಯಾಂಕಲ್ಲಿ ನಮ್ಮನ್ನ ನೋಡಿ ಯಾರೂ ಹಾಗೆ ನಗಲ್ಲ ಅನ್ನೋದು ಅವರಿಗೆ ಹೊಳೀಬೇಕಿತ್ತು. ಹೊಳೀಲಿಲ್ಲ.

ಆ ಹೊತ್ತಿಗೆ ಮೇಷ್ಟ್ರು ಟ್ರಂಕಿನ ಬೀಗ ರಿಪೇರಿಗೆ ಬಂದು ಸ್ಟೂಲ್ ಮೇಲೆ ಕೂತಿದ್ರು. ನಾನು ಟೀ ತಗೊಂಡು ಹೋಗಿದ್ದೆ. ಭಾವನ ಕೈ ಎರಡೂ ಕೆಲಸದಲ್ಲಿದ್ದವು, ಹಾಗಾಗಿ ಫೋನನ್ನ ಸ್ಪೀಕರಿಗೆ ಹಾಕಿ ಮುಂದೆ ಇಟ್ಕೊಂಡಿದ್ರು.

"ನಮಸ್ಕಾರ ಸರ್" ಅಂತು ಬೆಣ್ಣೆಯಂಥ ದನಿ. ಭಾವ ಎನ್‌ಎಂಟಿ ಕಥೆ ಹೇಳಿದ್ದೇ ತಡ, ಆ ಕಡೆಯಿಂದ "ಎನ್‌ಎಂಟಿ ತಾನೇ ಸರ್? ಇವತ್ತು ಇದು ಹನ್ನೊಂದನೇ ದೂರು. ಈಗಲೇ ನಿಲ್ಲಿಸಿ ಎಲ್ಲಾ ದುಡ್ಡೂ ವಾಪಸ್ ಕೊಡ್ತೀವಿ. ಕಾರ್ಡ್ ಮುಂದುಗಡೆ ನಂಬರ್ ಓದಿ ಸರ್."

ಭಾವ ಕೀ ಬದಿಗಿಟ್ಟು, ಕಾರ್ಡ್ ತೆಗೆದು ಓದಿದ್ರು. ಮೇಷ್ಟ್ರಾಗಲಿ ನಾನಾಗಲಿ ತಡೀಲಿಲ್ಲ. ತಡೆಯೋಕೆ ಮೊದಲು ಅನುಮಾನ ಬರಬೇಕು, ಅಷ್ಟು ವಿನಯವಾಗಿ ಮಾತಾಡೋರ ಮೇಲೆ ಅನುಮಾನ ಪಡೋಕೆ ನಮಗೆ ಅಭ್ಯಾಸ ಇಲ್ಲ.

"ಹಿಂದುಗಡೆ ಮೂರು ಅಂಕಿ ಸರ್."

ಅದನ್ನೂ ಓದಿದ್ರು.

"ಈಗ ನಿಮ್ಮ ಫೋನಿಗೆ ಒಂದು ನಂಬರ್ ಬಂದಿರುತ್ತೆ. ಅದನ್ನ ಹೇಳಿಬಿಡಿ ಸರ್, ಇಲ್ಲಿಂದ ಓಪನ್ ಮಾಡಿಬಿಡ್ತೀನಿ."

ಭಾವ ಆಗ್ಲೇ ಮತ್ತೆ ಕೀಯನ್ನ ಚಕ್ರಕ್ಕೆ ಹಿಡಿದಿದ್ರು. ಕಿಡಿ ಹಾರ್ತಿತ್ತು. ಗಮನವೆಲ್ಲಾ ಕೀ ಹಲ್ಲಿನ ಮೇಲೆ. ನಂಬರ್ ಅಂತ ಕಿವಿಗೆ ಬಿತ್ತು, ಓಪನ್ ಅಂತ ಕಿವಿಗೆ ಬಿತ್ತು. ನಾಲಿಗೆ ಯಾರನ್ನೂ ಕೇಳದೆ ತಾನಾಗೇ ಹೊರಳ್ತು. ಆಟೋ ನಾಲಿಗೆ.

"ಬೀಗ ತಗೊಂಡು ಅಂಗಡಿಗೆ ಬನ್ನಿ."

"ಏನು ಸರ್?"

"ನಂಬರ್ ಮೇಲೆ ಓಪನ್ ಮಾಡೋ ಪದ್ಧತಿ ನಮ್ಮಲ್ಲಿಲ್ಲ. ಬೀಗ ನೋಡ್ಬೇಕು."

"ಸರ್, ಬೀಗ ಇಲ್ಲ. ನಾನು ಬ್ಯಾಂಕು."

ಅಷ್ಟರಲ್ಲಿ ಚಕ್ರ ನಿಂತಿತು. ಭಾವನಿಗೆ ಯಾರ ಜೊತೆ ಮಾತಾಡ್ತಿದ್ದೀನಿ ಅನ್ನೋದು ನೆನಪಾಯ್ತು. ಆದ್ರೆ ಅಷ್ಟರಲ್ಲಿ ಬೇರೆ ಕುತೂಹಲ ಹುಟ್ಟಿಬಿಟ್ಟಿತ್ತು.

"ಬ್ಯಾಂಕಿಗೆ ಬೀಗ ಇಲ್ವಾ?"

"ಇದೆ ಸರ್. ದೊಡ್ಡ ಬೀಗ. ಸರ್, ಆ ನಂಬರ್..."

"ದೊಡ್ಡದು ಅಂದ್ರೆ? ಒಳಗಿಂದ ಕೂರಿಸಿದ್ದೋ, ನೇತಾಡೋದೋ?"

"ನೇತಾಡೋದು ಸರ್."

"ಬ್ಯಾಂಕಿಗೆ ನೇತಾಡೋ ಬೀಗ ಹಾಕಿದ್ದಾರಾ? ಯಾರಪ್ಪ ಹಾಕಿದ್ದು?" ಭಾವನಿಗೆ ನಿಜವಾಗ್ಲೂ ಕರುಳು ಚುರ್ ಅಂತು. "ಅದು ಒಂದು ಏಟಿಗೆ ಬರುತ್ತೆ. ಕಾಲ ಸರಿ ಇಲ್ಲ, ಕಳ್ಳರು ಜಾಸ್ತಿ ಆಗಿದ್ದಾರೆ. ನೀವು ಒಳ್ಳೇವರ ಥರ ಕಾಣ್ತೀರಿ. ವಿಳಾಸ ಹೇಳಿ, ಇವತ್ತೇ ಬಂದು ನೋಡ್ತೀನಿ. ದುಡ್ಡೇನೂ ಬೇಡ."

"ವಿಳಾಸ ಯಾಕೆ ಸರ್?"

"ವಿಳಾಸ ಇಲ್ದೆ ಬರೋದು ಹೇಗೆ? ಯಾವ ಬೀದಿ? ಎಷ್ಟನೇ ಮಹಡಿ? ಬಾಗಿಲು ಒಳಕ್ಕೆ ತೆರೆಯುತ್ತೋ ಹೊರಕ್ಕೋ?"

ಫೋನ್ ಕಟ್ ಆಯ್ತು.

"ಎಷ್ಟು ಒಳ್ಳೆ ದನಿ, ಎಷ್ಟು ಕೆಟ್ಟ ಬೀಗ" ಅಂತ ಭಾವ ನಿಟ್ಟುಸಿರು ಬಿಟ್ರು.

ಮೇಷ್ಟ್ರು ನಿಧಾನವಾಗಿ ಕನ್ನಡಕ ತೆಗೆದ್ರು. "ವಿಳಾಸ ಕೇಳಿದ್ರೆ ಓಡಿಹೋಗೋ ಬ್ಯಾಂಕ್ ಯಾವುದ್ರೀ? ನಾನು ಇಷ್ಟು ವರ್ಷ ಕ್ಯೂ ನಿಂತಿದ್ದೀನಿ. ಬ್ಯಾಂಕು ಎಲ್ಲಿಗೂ ಓಡಲ್ಲ. ಓಡಿದ್ರೆ ನಮ್ಮ ಕ್ಯೂ ಏನಾಗ್ಬೇಕು?"

ನಾನು ಫೋನ್ ತಗೊಂಡು ಮೆಸೇಜ್ ಓದಿದೆ. ಅದರಲ್ಲಿ ನಂಬರಿನ ಜೊತೆ ಇನ್ನೂ ಏನೋ ಇತ್ತು. ಈ ನಂಬರ್ ಕೊಟ್ರೆ ನಿಮ್ಮ ಕಾರ್ಡಿಂದ ಹೊಸದೊಂದು ಆಟೋ ಪೇಮೆಂಟ್‌ಗೆ ಒಪ್ಪಿಗೆ ಕೊಟ್ಟ ಹಾಗೆ, ಯಾರಿಗೂ ಹೇಳ್ಬೇಡಿ ಅಂತ. ಎಷ್ಟರ ತನಕ ಕಟ್ ಮಾಡ್ಬಹುದು ಅಂತಾನೂ ಇತ್ತು. ಆ ಅಂಕಿ ನೋಡಿದ್ರೆ ಅಕ್ಕನ ಮಿಷಿನ್ನು, ಅದರ ಸ್ಟ್ಯಾಂಡು, ಅದರ ಮೇಲಿನ ಕವರು, ಎಲ್ಲಾ ಒಂದೇ ತುತ್ತಿಗೆ.

"ಭಾವ, ಕಾರ್ಡ್ ನಂಬರ್ ಆಗ್ಲೇ ಕೊಟ್ಟಾಗಿದೆ. ಎದ್ದೇಳಿ."

ಭಾವ ಮೊದಲ ಸಲ ಏನೂ ಪ್ರಶ್ನೆ ಕೇಳದೆ ಎದ್ರು. ಮೇಷ್ಟ್ರು ಅಕ್ಕನಿಗೆ ಫೋನ್ ಮಾಡಿದ್ರು. ಮೇಷ್ಟ್ರು ಅಂದ್ಮೇಲೆ ಗೊತ್ತಲ್ಲ, ಯಾವ ವಿಷಯವನ್ನೂ ಪೀಠಿಕೆ ಇಲ್ದೆ ಹೇಳಲ್ಲ. ಅವರು ಪೀಠಿಕೆಯಲ್ಲಿರೋವಾಗಲೇ, 'ಬ್ಯಾಂಕು' ಅನ್ನೋದೊಂದು ಕಿವಿಗೆ ಬಿದ್ದಿದ್ದಕ್ಕೇ ಅಕ್ಕ ಅಳತೆ ಟೇಪ್ ಕುತ್ತಿಗೇಲಿ ಹಾಗೇ ಇಟ್ಕೊಂಡು ಬ್ಯಾಂಕ್ ಬಾಗಿಲಲ್ಲಿ ನಿಂತಿದ್ದಳು.

ಬ್ಯಾಂಕಲ್ಲಿ ಉದ್ದ ಕ್ಯೂ. ಮೇಷ್ಟ್ರಿಗೆ ಜೀವ ಬಂದ ಹಾಗಾಯ್ತು. ಮುಂದಿದ್ದವರ ಹೆಸರು ಹಿಡಿದೇ ಮಾತಾಡಿಸಿದ್ರು. ಅಕ್ಕ ಮಾತ್ರ ಟೇಪನ್ನ ಬೆರಳಿಗೆ ಸುತ್ತೋದು, ಬಿಚ್ಚೋದು, ಅಷ್ಟೇ ಮಾಡ್ತಿದ್ದಳು. ಅದನ್ನ ನೋಡಿದ ಭಾವನ ಮುಖ ಸಣ್ಣದಾಯ್ತು.

ಆಗ ಅವರ ಫೋನ್ ಮತ್ತೆ ಬಡ್ಕೊಳ್ತು.

"ಸರ್, ನಿಮ್ಮ ಬ್ಯಾಂಕಿಂದ ಮಾತಾಡ್ತಿದ್ದೀನಿ" ಅಂತು ಒಂದು ಹೆಣ್ಣು ದನಿ. ಬೆಣ್ಣೆ ಗಿಣ್ಣೆ ಏನಿರ್ಲಿಲ್ಲ, ಮಧ್ಯಾಹ್ನದ ಊಟ ತಡವಾದ ದನಿ. "ನಿಮ್ಮ ಕಾರ್ಡಲ್ಲಿ ಹೊಸ ಆಟೋ ಪೇಮೆಂಟ್ ಹಾಕೋಕೆ ಮೂರು ಸಲ ಪ್ರಯತ್ನ ಆಗಿದೆ. ನೀವೇ ಮಾಡಿದ್ದಾ?"

ಭಾವ ಈಗ ಹುಷಾರಾಗಿದ್ರು. ನಮ್ಮ ಕಡೆ ನೋಡಿ ಕಣ್ಣು ಹೊಡೆದ್ರು. "ಬೀಗ ತಗೊಂಡು ಬನ್ನಿ."

"ಸರ್?"

"ನಿಮ್ಮಣ್ಣ ಬೆಳಿಗ್ಗೆ ಮಾತಾಡಿದ್ದಾರೆ. ಎಲ್ಲಿಂದ ಮಾತಾಡ್ತಿದ್ದೀರಿ? ವಿಳಾಸ ಹೇಳಿ."

"ಬ್ರಾಂಚಿಂದಲೇ ಸರ್."

"ನಾನೂ ಬ್ರಾಂಚಲ್ಲೇ ಇದ್ದೀನಿ. ಬಾಗಿಲು ಒಳಕ್ಕೆ ತೆರೆಯುತ್ತೋ ಹೊರಕ್ಕೋ ಹೇಳಿ ನೋಡೋಣ."

"ಎರಡೂ ಕಡೆ ತೆರೆಯುತ್ತೆ. ಗಾಜಿನ ಬಾಗಿಲು. ಎಡಗಡೆ ಹಿಡಿ ಮುರಿದಿದೆ."

ಭಾವ ಬಾಗಿಲು ನೋಡಿದ್ರು. ಎಡಗಡೆ ಹಿಡಿ ಮುರಿದಿತ್ತು. "ಚೆನ್ನಾಗಿ ಓದ್ಕೊಂಡು ಬಂದಿದ್ದಾರೆ ಕಣಯ್ಯಾ" ಅಂತ ನನಗೆ ಪಿಸುಗುಟ್ಟಿ, ಫೋನಿಗೆ ಹೇಳಿದ್ರು. "ಹಾಗಾದ್ರೆ ಎದ್ದು ನನ್ನ ಮುಂದೆ ಬಂದು ನಿಂತ್ಕೊಳ್ಳಿ. ಆಮೇಲೆ ಮಾತು."

ನಾಲ್ಕನೇ ಕೌಂಟರಿನ ಹಿಂದೆ ಒಂದು ಕುರ್ಚಿ ಸರೀತು. ಕಿವಿಗೆ ಫೋನ್ ಹಿಡ್ಕೊಂಡೇ ಒಬ್ಬರು ಮೇಡಂ ಎದ್ದು, ಸಣ್ಣ ಬಾಗಿಲು ತೆಗೆದು, ಕ್ಯೂ ಸೀಳ್ಕೊಂಡು ಬಂದು ಭಾವನ ಎದುರಿಗೆ ನಿಂತ್ರು.

"ಬಂದೆ" ಅಂದ್ರು ಫೋನಲ್ಲಿ.

ಭಾವ ಅವರನ್ನೊಮ್ಮೆ ನೋಡಿ, ಫೋನನ್ನೊಮ್ಮೆ ನೋಡಿ, ಫೋನಲ್ಲೇ, "ನಮಸ್ಕಾರ ಮೇಡಂ" ಅಂದ್ರು.

ಮೇಡಂ ಬೈತಾರೆ ಅಂತ ಎಲ್ಲರೂ ಕಾದ್ರು. ಅವರು ಬೈಲಿಲ್ಲ. "ನನ್ನ ಸರ್ವೀಸಲ್ಲಿ ಫೋನ್ ಮಾಡಿದ ಬ್ಯಾಂಕನ್ನ ಹೀಗೆ ವಿಚಾರಣೆ ಮಾಡಿದ ಗಿರಾಕಿ ನೀವೇ ಮೊದಲು" ಅಂದ್ರು. "ಸರಿಯಾಗಿ ಮಾಡಿದ್ರಿ. ಬೆಳಿಗ್ಗೆ ಮಾತ್ರ ಯಾಕೆ ಮಾಡ್ಲಿಲ್ಲ?"

"ಬೆಳಿಗ್ಗೆ ಅವರು ತುಂಬಾ ಮರ್ಯಾದೆ ಕೊಟ್ರು ಮೇಡಂ."

ಕೌಂಟರಿಗೆ ಕರೆಸಿ ಮೊದಲು ಕಾರ್ಡ್ ಬಂದ್ ಮಾಡಿದ್ರು. ಆಮೇಲೆ ಖಾತೆ ನೋಡಿದ್ರು. ಅಕ್ಕ ಕೌಂಟರ್ ಅಂಚು ಹಿಡ್ಕೊಂಡಿದ್ದಳು.

"ಏನೂ ಹೋಗಿಲ್ಲ. ಕೊನೇ ನಂಬರ್ ಸಿಗದೆ ಅವನು ಹೊರಗೇ ನಿಂತ" ಅಂದ್ರು ಮೇಡಂ.

ಅಕ್ಕ ಕೌಂಟರ್ ಅಂಚು ಬಿಟ್ಟಳು. ಅಷ್ಟೇ. ಭಾವ ಅವಳ ಕಡೆ ನೋಡೋ ಧೈರ್ಯ ಮಾಡಿದ್ರು.

"ಮೇಡಂ, ಆ ಎನ್‌ಎಂಟಿ?" ಅಂದ್ರು ಮೇಷ್ಟ್ರು. ಇಡೀ ಕ್ಯೂ ಒಂದು ಹೆಜ್ಜೆ ಮುಂದಕ್ಕೆ ಬಂತು. ಅರ್ಧ ಗಡ್ಡದವನೂ ಆ ಕ್ಯೂನಲ್ಲೇ ಇದ್ದ. ಕ್ಷೌರ ಈಗ ಪೂರ್ತಿಯಾಗಿತ್ತು, ಕಥೆ ಮಾತ್ರ ಅರ್ಧಕ್ಕೇ ನಿಂತಿತ್ತಲ್ಲ.

ಮೇಡಂ ಸ್ಕ್ರೀನ್ ನೋಡಿದ್ರು. ತುಟಿ ಕಚ್ಚಿದ್ರು. "ಇಲ್ಲೇ ಹೇಳ್ಲಾ ಸರ್?"

"ಹೇಳಿ ಮೇಡಂ. ನನಗೂ ಕುತೂಹಲ."

"ನಿದ್ದೆಮಿತ್ರ ಅಂತ ಒಂದು ಆ್ಯಪ್. ಗೊರಕೆ ಅಳೆಯೋದು."

ಭಾವನ ನೆನಪಿನ ಬೀಗ ಕಟಕ್ ಅಂತ ತೆರೀತು. ಯಾವಾಗ್ಲೋ ಅಕ್ಕ "ನೀವು ಗೊರಕೆ ಹೊಡೀತೀರಿ" ಅಂದಿದ್ದಳು. ಇವರು "ಇಲ್ಲ" ಅಂದಿದ್ರು. ವೈಜ್ಞಾನಿಕವಾಗಿ ಸಾಬೀತು ಮಾಡ್ತೀನಿ ಅಂತ ಫೋನಲ್ಲಿ ಅದನ್ನ ಹಾಕ್ಕೊಂಡ್ರು. ಮೊದಲ ತಿಂಗಳು ಪುಕ್ಕಟೆ, ಕಾರ್ಡ್ ನಂಬರ್ ಮಾತ್ರ ಕೊಟ್ರೆ ಸಾಕು ಅಂದಿತ್ತು. ಕೊಟ್ರು, ಮಲಗಿದ್ರು, ಮರೆತ್ರು. ಅದು ಮರೀಲಿಲ್ಲ.

"ಅಂದ್ರೆ ನನ್ನ ಮಿಷಿನ್ ದುಡ್ಡಲ್ಲಿ ನೀವು ತಿಂಗಳು ತಿಂಗಳು ಗೊರಕೆ ತೂಗಿಸ್ತಿದ್ರಿ" ಅಂದಳು ಅಕ್ಕ. "ಎಷ್ಟು ತೂಕ ಬಂತು?"

"ನೋಡೇ ಇಲ್ಲ."

"ನೋಡಿ" ಅಂದ್ರು ಕ್ಯೂನಲ್ಲಿ ಯಾರೋ. ಮೇಡಂ ಕೂಡ ಕೌಂಟರ್ ಮೇಲೆ ಬಗ್ಗಿದ್ರು.

ಭಾವ ಆ್ಯಪ್ ತೆಗೆದ್ರು. ನಾನು ಹೆಗಲ ಮೇಲಿಂದ ಇಣುಕಿ ಗಟ್ಟಿಯಾಗಿ ಓದಿದೆ. ಕಥೆ ಹೇಳೋನಾಗಿ ಅದು ನನ್ನ ಕರ್ತವ್ಯ. "ನಿಮ್ಮ ಕೋಣೆಯಲ್ಲಿ ಎರಡು ಬೇರೆ ಬೇರೆ ಗೊರಕೆ ಕೇಳಿಬಂದಿವೆ. ಎರಡನೆಯದು ಹೆಚ್ಚು ಜೋರು."

ಎಲ್ಲರೂ ಭಾವನನ್ನ ಬಿಟ್ಟು ಅಕ್ಕನನ್ನ ನೋಡಿದ್ರು.

ಅಕ್ಕ ಟೇಪ್ ಸರಿ ಮಾಡ್ಕೊಂಡಳು. "ಮೇಡಂ, ಕ್ಯಾನ್ಸಲ್ ಮಾಡಿ. ಈಗಲೇ."

ಮೇಡಂ ಮಾಡಿದ್ರು. ಅದನ್ನ ಮಾಡೋದು ಹೇಗೆ ಅಂತಾನೂ ತೋರಿಸಿದ್ರು. ಯಾರ್ಯಾರಿಗೆ ತಾನಾಗೇ ಕಟ್ ಆಗೋಕೆ ಒಪ್ಪಿಗೆ ಕೊಟ್ಟಿದ್ದೀವಿ ಅನ್ನೋದು ಬ್ಯಾಂಕಿನ ಆ್ಯಪಲ್ಲೇ ಒಂದು ಕಡೆ ಇರುತ್ತಂತೆ, ಬೇಡದ್ದನ್ನ ಅಲ್ಲೇ ನಿಲ್ಲಿಸ್ಬಹುದಂತೆ. ಪ್ರತಿಯೊಂದಕ್ಕೂ ಇಷ್ಟರ ಮೇಲೆ ಹೋಗ್ಬಾರದು ಅಂತ ಮಿತಿ ಹಾಕ್ಬಹುದಂತೆ. "ಫೋನ್ ಮಾಡೋದಿದ್ರೆ ಕಾರ್ಡ್ ಹಿಂದೆ ಅಚ್ಚಾಗಿರೋ ನಂಬರಿಗೆ ಮಾಡಿ. ಹುಡುಕಿ ಸಿಕ್ಕ ನಂಬರಿಗಲ್ಲ. ಮುಖ್ಯ ಅಂದ್ರೆ, ಬಿಲ್ಲುಗಳಿಗೆ ಬೇರೆ ಸಣ್ಣ ಖಾತೆ ಇಡಿ, ಆ ತಿಂಗಳಿಗೆ ಬೇಕಾದಷ್ಟೇ ಅದರಲ್ಲಿ ಹಾಕಿ. ಕೂಡಿಟ್ಟ ದುಡ್ಡನ್ನೂ ಕಟ್ ಆಗೋ ದುಡ್ಡನ್ನೂ ಒಂದೇ ಕಡೆ ಇಡಬೇಡಿ."

ಭಾವ ತಲೆ ಆಡಿಸಿದ್ರು. "ಬೀದಿ ಬಾಗಿಲಿಗೂ ಬೀರುಗೂ ಒಂದೇ ಕೀ ಇಡೋರನ್ನ ಕಂಡ್ರೆ ನಾನು ದಿನಾ ನಗ್ತಿದ್ದೆ ಮೇಡಂ."

"ನಗೋದು ಬಿಟ್ಟು ಇಲ್ಲಿ ಸಹಿ ಹಾಕಿ" ಅಂದಳು ಅಕ್ಕ. ಸಣ್ಣ ಖಾತೆ ಭಾವನ ಹೆಸರಿಗಾಯ್ತು. ದೊಡ್ಡದಕ್ಕೆ ಇನ್ಮೇಲೆ ಕಾರ್ಡೇ ಬೇಡ, ಇಬ್ಬರೂ ಸಹಿ ಹಾಕಿದ್ರೆ ಮಾತ್ರ ದುಡ್ಡು ಅಂತಾಯ್ತು. ಭಾವ ಹೊರಡೋ ಮುಂಚೆ ಬ್ಯಾಂಕ್ ಬಾಗಿಲಿನ ಎಡಗಡೆ ಹಿಡಿಗೆ ಎರಡು ತಿರುಪು ಹಾಕಿಕೊಟ್ಟು ಬಂದ್ರು.

ಮುಂದಿನ ವಾರ ಮಿಷಿನ್ ಬಂತು. ಅದನ್ನ ಬಾಗಿಲಿಂದ ಒಳಗೆ ತರೋಕೆ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಸಲಹೆ ಕೊಟ್ರು. ಜೋಡಿಸೋಕೆ ಬಂದವನು ಚುರುಕಾಗಿದ್ದ. ದಾರ ಹಾಕಿ, ಗುಂಡಿ ಒತ್ತಿ, ಒಂದು ಚಿಕ್ಕ ಹೂವು ಹೊಲಿದು ತೋರಿಸಿದ. ಅಕ್ಕ ಆ ಹೂವನ್ನ ಬೆರಳಲ್ಲಿ ಸವರಿದಳು.

"ಮೇಡಂ, ಸರ್ವೀಸ್ ಯೋಜನೆ ಇದೆ" ಅಂದ ಅವನು, ಚೀಲದಿಂದ ಕಾಗದ ತೆಗೀತಾ. "ಮೊದಲ ತಿಂಗಳು ಪುಕ್ಕಟೆ. ಖಾತೆ ನಂಬರ್ ಕೊಟ್ಬಿಡಿ. ಆಮೇಲೆ ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ, ತಾನಾಗೇ ಕಟ್ ಆಗುತ್ತೆ."

ಅಕ್ಕ ಭಾವನ ಕಡೆ ನೋಡಿದಳು. ಮೇಷ್ಟ್ರು ಭಾವನ ಕಡೆ ನೋಡಿದ್ರು. ನಾನೂ ನೋಡಿದೆ. ಭಾವನ ಕೈ ಅಭ್ಯಾಸಬಲದಿಂದ ಜೇಬಿನ ಹತ್ರ ಹೋಗಿ, ಅಲ್ಲೇ ನಿಂತಿತು.

"ಒಂದು ವಿಷಯ ಹೇಳಪ್ಪ" ಅಂದ್ರು ಭಾವ. ದನಿಯಲ್ಲಿ ಸಿಟ್ಟಿಲ್ಲ, ಬರೀ ಕುತೂಹಲ. "ಎರಡನೇ ತಿಂಗಳು ಏನಾಗುತ್ತೆ?"

ಅವನು ಕಾಗದ ತಿರುಗಿಸಿ ಮುರುಗಿಸಿ ನೋಡಿದ. "ಇದುವರೆಗೂ ಯಾರೂ ಕೇಳಿಲ್ಲ ಸರ್."

"ಪರವಾಗಿಲ್ಲ, ನಿಧಾನಕ್ಕೆ ಓದು" ಅಂತ ಭಾವ ಅವನಿಗೊಂದು ಸ್ಟೂಲ್ ಎಳೆದು ಕೊಟ್ಟು, ತಾವೂ ಒಂದರ ಮೇಲೆ ಕೂತ್ರು. ಮೇಷ್ಟ್ರು ಅವರ ಹಿಂದೆ ಬಂದು ನಿಂತ್ರು. ಅವರ ಹಿಂದೆ ನಾನು. ಸಣ್ಣದೊಂದು ಕ್ಯೂ ಆಯ್ತು.